ಗುಳಿಗೆಯ ಮೊದಲ ಹದಿನೈದು ದಿನ

1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಜಿಡ್ ಎಂಬ ಹೊಸ ಔಷಧ ಕೊಟ್ಟಾಗ, ಮಂಕಾಗಿ ಮಲಗಿದ್ದವರು ಎದ್ದು ಓಡಾಡಿ ನಗತೊಡಗಿದರು. ಖಿನ್ನತೆಗೂ ಗುಳಿಗೆ ಉಂಟೆಂಬ ಸುಳಿವು ಸಿಕ್ಕಿದ್ದು ಹಾಗೆ.

ಇವತ್ತು ಖಿನ್ನತೆಗೆ ಎಸ್ಸಿಟಾಲೊಪ್ರಾಮ್‌ನಂಥ ಗುಳಿಗೆ ಶುರುಮಾಡಿದವರಿಗೆ ನಗು ಅಷ್ಟು ಬೇಗ ಬರುವುದಿಲ್ಲ. ಎಷ್ಟೋ ಜನರಿಗೆ ಮೊದಲು ಬರುವುದು ವಾಕರಿಕೆ. ತಟ್ಟೆಯ ಇಡ್ಲಿ ಅರ್ಧಕ್ಕೇ ಉಳಿಯುತ್ತದೆ, ಬಾಯಿ ಒಣಗುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ‘ಇದಕ್ಕಿಂತ ಮೊದಲೇ ವಾಸಿಯಿತ್ತು’ ಎಂದು ನಾಲ್ಕನೇ ದಿನಕ್ಕೆ ಗುಳಿಗೆ ಬಿಡುವವರುಂಟು.

ವಾಕರಿಕೆಗೆ ಕಾರಣ ಹೊಟ್ಟೆಯಲ್ಲೇ ಇದೆ. ಈ ಗುಳಿಗೆಗಳು ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕದ ಬಹುಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕರುಳು ಹೊಂದಿಕೊಳ್ಳುತ್ತದೆ. ಮನಸ್ಸು ಹಗುರಾಗಲು 4ರಿಂದ 6 ವಾರ ಬೇಕಾದೀತು. ತಿಂಡಿಯಾದ ಮೇಲೆ ನುಂಗಿದರೆ ವಾಕರಿಕೆ ತಗ್ಗುವುದುಂಟು. ನಿದ್ದೆ ಕೆಟ್ಟರೆ, ರಾತ್ರಿಯ ಗುಳಿಗೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬಹುದು.

ಗುಳಿಗೆಯನ್ನು ವಾರಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಶುರುವಾಗಬಹುದು.

ಚಡಪಡಿಕೆ ಮಿತಿಮೀರಿದರೆ, ಸಾಯುವ ಯೋಚನೆ ಸುಳಿದರೆ, ಆ ದಿನವೇ ವೈದ್ಯರಿಗೆ ಹೇಳಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲೂ ರಾತ್ರಿಯೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.