ಕುಶಲರು ಯಾರು, ಅಕುಶಲರು ಯಾರು?

(ಗಿರಣಿ ಕಾರ್ಮಿಕರ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬೀದಿಯಿಂದ ಬಂದಿರುವ ಗೆಳೆಯರೇ,

ಹೋದ ತಿಂಗಳು ಅಕ್ಕನೊಬ್ಬರು ತಮ್ಮ ಸಂಬಳದ ಚೀಟಿಯನ್ನು ತಂದು ನನ್ನ ಕೈಯಲ್ಲಿಟ್ಟರು. ನೂಲಿನ ಗಿರಣಿಯಲ್ಲಿ ಹನ್ನೊಂದು ವರ್ಷದಿಂದ ರಿಂಗ್ ಫ್ರೇಮ್ ನೋಡಿಕೊಳ್ಳುತ್ತಿರುವವರು. ಚೀಟಿಯಲ್ಲಿ ಅವರ ಹೆಸರಿನ ಮುಂದೆ ‘ಹೆಲ್ಪರ್, ಅಕುಶಲ’ ಎಂದಿತ್ತು. “ಮೇಷ್ಟ್ರೇ, ಅಕುಶಲ ಅಂದರೆ ಕೆಲಸ ಬಾರದವಳು ಅಂತಲೋ?” ಎಂದು ಕೇಳಿದರು. ಮೇಷ್ಟರ ಕೆಲಸ ಬಿಟ್ಟರೂ ಜನ ನನ್ನನ್ನು ಹಾಗೆಯೇ ಕರೆಯುತ್ತಾರೆ. ಆದರೆ ಆ ದಿನ ಈ ಮೇಷ್ಟರ ಬಾಯಿಗೆ ನೆಟ್ಟಗೆ ಉತ್ತರ ಬರಲಿಲ್ಲ. ಕಾಯಿದೆಯ ಪುಸ್ತಕ ತೆಗೆದು ಓದಿ ಬಂದಿದ್ದೇನೆ, ಈಗ ಹೇಳುತ್ತೇನೆ.

1948ರ ಕನಿಷ್ಠ ವೇತನ ಕಾಯಿದೆಯು ಬೇರೆ ಬೇರೆ ಬಗೆಯ ಕೆಲಸಕ್ಕೆ ಬೇರೆ ಬೇರೆ ದರ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು. ಅದರ ಅಡಿಯಲ್ಲಿ ಹೊರಟ ಅಧಿಸೂಚನೆಗಳಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ನಾಲ್ಕು ಮೆಟ್ಟಿಲುಗಳು ಬಳಕೆಗೆ ಬಂದವು. ಆ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಬಂದಿದೆ. ಅದರಲ್ಲಿಯೂ ಈ ನಾಲ್ಕು ಹೆಸರುಗಳಿವೆ. ಕಾಯಿದೆ ಬದಲಾಯಿತು, ಮೆಟ್ಟಿಲು ಹಾಗೆಯೇ ಉಳಿಯಿತು.

ಒಂದು ಮೆಟ್ಟಿಲಿಗೆ ಬೆಲೆ ಎಷ್ಟು? 2024ರ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರವು ತನ್ನ ವ್ಯಾಪ್ತಿಯ ಕಟ್ಟಡ ಕೆಲಸ, ಗುಡಿಸುವುದು, ಸಾಮಾನು ಹೇರಿ ಇಳಿಸುವುದು ಮುಂತಾದ ಕೆಲಸಗಳಿಗೆ ದೊಡ್ಡ ನಗರಗಳಲ್ಲಿ ಗೊತ್ತುಮಾಡಿದ ದಿನಗೂಲಿ ಹೀಗಿತ್ತು: ಅಕುಶಲರಿಗೆ 783 ರೂಪಾಯಿ, ಅರೆಕುಶಲರಿಗೆ 868, ಕುಶಲರಿಗೆ 954, ಅತಿಕುಶಲರಿಗೆ 1,035. ನಮ್ಮ ಗಿರಣಿಯ ದರ ಇದಲ್ಲ, ಅದನ್ನು ರಾಜ್ಯ ಸರ್ಕಾರ ಬೇರೆಯಾಗಿ ಗೊತ್ತುಮಾಡುತ್ತದೆ. ಆದರೂ ಲೆಕ್ಕ ನೋಡಿ. ಅಕುಶಲ ಎಂಬುದಕ್ಕೂ ಕುಶಲ ಎಂಬುದಕ್ಕೂ ನಡುವೆ ಆ ಪಟ್ಟಿಯಲ್ಲಿ ದಿನಕ್ಕೆ 171 ರೂಪಾಯಿ, 26 ದಿನದ ತಿಂಗಳಿಗೆ 4,446 ರೂಪಾಯಿ. ಒಂದು ‘ಅ’ಕಾರಕ್ಕೆ ಇಷ್ಟು ಬೆಲೆ! ವ್ಯಾಕರಣ ಕಲಿಸುವಾಗ ನನಗೂ ಇದು ತಿಳಿದಿರಲಿಲ್ಲ.

ಇನ್ನು ಅರ್ಥದ ಮಾತು. ಕೇಂದ್ರದ ಅಧಿಸೂಚನೆಗಳ ಪ್ರಕಾರ, ಕೌಶಲವಾಗಲಿ ಅನುಭವವಾಗಲಿ ಹೆಚ್ಚು ಬೇಡದ ಸರಳ ಕೆಲಸವೇ ಅಕುಶಲ. ಅನುಭವದಿಂದ ಸ್ವಲ್ಪ ಕೈ ಕುದುರಿ, ಕುಶಲನೊಬ್ಬನ ಮೇಲ್ವಿಚಾರಣೆಯಲ್ಲಿ ಮಾಡುವಂಥದು ಅರೆಕುಶಲ. ಕುಶಲ ಕೆಲಸ ಯಾವುದು? ಕೆಲಸದ ಅನುಭವದಿಂದ ಅಥವಾ ಅಪ್ರೆಂಟಿಸ್ ಆಗಿ ಅಥವಾ ತಾಂತ್ರಿಕ ಶಾಲೆಯಲ್ಲಿ ಪಡೆದ ಕೌಶಲವುಳ್ಳದ್ದು, ಸ್ವಂತ ತೀರ್ಮಾನ ಬೇಡುವಂಥದು. ಅದಕ್ಕೂ ಮೇಲೆ, ತನ್ನ ತೀರ್ಮಾನದ ಪೂರ್ತಿ ಹೊಣೆಯನ್ನು ತಾನೇ ಹೊರಬೇಕಾದದ್ದು ಅತಿಕುಶಲ.

ಈ ‘ಅಥವಾ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗಿರಣಿಯ ಆಫೀಸಿನಲ್ಲಿ ಕೇಳುವುದೇನು? “ಐ.ಟಿ.ಐ. ಸರ್ಟಿಫಿಕೇಟ್ ಇದೆಯೇ?” ಇಲ್ಲವೆಂದರೆ ಹೆಲ್ಪರ್. ಕಾಯಿದೆಯು ಮೂರು ಬಾಗಿಲು ತೆರೆದಿಟ್ಟಿದೆ, ಆಫೀಸು ಎರಡನ್ನು ಮುಚ್ಚಿ ಒಂದರ ಮುಂದೆ ಕಾವಲು ನಿಂತಿದೆ.

ಆ ಅಕ್ಕನ ಕೆಲಸವನ್ನೇ ನೋಡಿ. ಎಳೆ ಹರಿಯಿತೆಂದರೆ ಭರದಿಂದ ತಿರುಗುವ ಕದಿರನ್ನು ತಡೆಯಬೇಕು, ನೂಲಿನ ತುದಿ ಹುಡುಕಬೇಕು, ಉಂಗುರದ ಮೇಲಿನ ಪುಟ್ಟ ಟ್ರಾವೆಲರಿಗೆ ಅದನ್ನು ಸಿಕ್ಕಿಸಬೇಕು, ಮೇಲಿನ ರೋಲರಿನಿಂದ ಇಳಿಯುವ ಹತ್ತಿಯ ಎಳೆಗೆ ಕೂಡಿಸಿ ಕೈಬಿಡಬೇಕು. ಇಷ್ಟೂ ಕೆಲವೇ ಕ್ಷಣದಲ್ಲಿ. ಗಂಟು ದಪ್ಪವಾದರೆ ನೂಲು ಕೆಟ್ಟಿತು. ಬೇಸಿಗೆಯಲ್ಲಿ ಗಾಳಿ ಒಣಗಿದರೆ ಎಳೆ ಹೆಚ್ಚು ಹರಿಯುತ್ತದೆ, ಯಾವ ಸಾಲಿಗೆ ಮೊದಲು ಓಡಬೇಕೆಂದು ಅವರೇ ತೀರ್ಮಾನಿಸಬೇಕು, ಮೇಸ್ತ್ರಿ ಪಕ್ಕದಲ್ಲಿ ನಿಂತು ಹೇಳುವುದಿಲ್ಲ. ಇದು ಸ್ವಂತ ತೀರ್ಮಾನವಲ್ಲದೆ ಮತ್ತೇನು? ನಾನು ಮೆಟ್ರಿಕ್ ಪಾಸಾದವನು, ಕಾಗದವೂ ಪೆಟ್ಟಿಗೆಯಲ್ಲಿದೆ. ಒಂದು ಎಳೆ ಕೂಡಿಸಲು ನನಗೆ ಬಾರದು.

ಅಧಿಸೂಚನೆಗಳ ಅನುಬಂಧದಲ್ಲಿ ಹುದ್ದೆಯ ಹೆಸರುಗಳನ್ನೇ ಬರೆದು ಯಾವುದು ಯಾವ ಮೆಟ್ಟಿಲೆಂದು ಹೇಳಿರುವುದುಂಟು. ಮೋಸ ನಡೆಯುವುದು ಅಲ್ಲಿಯೇ. ಕೆಲಸ ಒಂದು, ಚೀಟಿಯಲ್ಲಿ ಹೆಸರು ಇನ್ನೊಂದು. ಗಂಡು ಹೆಣ್ಣಿಗೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಕಾಯಿದೆ ಹೇಳಿತು, ಈಗಿನ ಸಂಹಿತೆಯೂ ಹೇಳುತ್ತದೆ. ಅದೇ ಕೆಲಸಕ್ಕೆ ‘ಹೆಲ್ಪರ್’ ಎಂದು ಹೆಸರಿಟ್ಟುಬಿಟ್ಟರೆ ಆ ಮಾತು ಕಾಗದದಲ್ಲೇ ಉಳಿಯಿತು.

ಅಪ್ರೆಂಟಿಸ್ ಹುಡುಗರಿಗೂ ಒಂದು ಮಾತು. 1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮಿನಂತೆ ನೀವು ತರಬೇತಿನವರು, ಕಾರ್ಮಿಕರಲ್ಲ. ನಿಮಗೆ ಸಿಗುವುದು ಸ್ಟೈಪೆಂಡ್, ಕೂಲಿಯಲ್ಲ. ಕಲಿಸುವುದಾದರೆ ಕಲಿಯಿರಿ. ಕಲಿಸದೆ ಮೂರನೆಯ ಪಾಳಿಗೆ ಆಳಿನ ಬದಲು ನಿಲ್ಲಿಸಿದರೆ ನಮಗೆ ತಿಳಿಸಿ.

ಹಾಗೆಂದು ನಾವು ಸುಳ್ಳು ಬೇಡಿಕೆ ಇಡಬಾರದು. ನಿನ್ನೆ ಸೇರಿ ಹತ್ತಿಯ ಕಸ ಗುಡಿಸುವ ಹುಡುಗನನ್ನು ಇಂದೇ ಕುಶಲನೆಂದು ಕರೆಯಿರಿ ಎಂದರೆ ನಮ್ಮ ಮಾತಿಗೆ ತೂಕವಿರುವುದಿಲ್ಲ. ಅವನ ಹೊಟ್ಟೆಯ ಪ್ರಶ್ನೆ ಬೇರೆ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಯನ್ನು ಅನ್ನ, ಬಟ್ಟೆ, ಬಾಡಿಗೆ, ಸೌದೆಯ ಲೆಕ್ಕದಿಂದ ಕಟ್ಟಬೇಕೆಂದಿತು. ಆ ಲೆಕ್ಕ ಎಲ್ಲರದು. ನಾವು ಈಗ ಕೇಳುವುದು ಅದರ ಮೇಲಿನ ಮೆಟ್ಟಿಲನ್ನು, ಕೈ ಕುದುರಿದವರ ಪರವಾಗಿ.

ಅಂಗಡಿಯ ಗೆಳೆಯರು, ಇದು ಗಿರಣಿಯವರ ಜಗಳ ಎನ್ನಬೇಡಿ. ಆ 4,446 ರೂಪಾಯಿ ಕೈಗೆ ಬಂದಿದ್ದರೆ ಅಕ್ಕಿ ಎಣ್ಣೆಗೆ ನಿಮ್ಮ ಅಂಗಡಿಗೇ ಬರುತ್ತಿತ್ತು, ನಿಮ್ಮ ಸಾಲದ ಪುಸ್ತಕ ಇಷ್ಟು ದಪ್ಪವಾಗುತ್ತಿರಲಿಲ್ಲ. ಇನ್ನೊಂದು ಮಾತು ಕಹಿಯಾದೀತು. ಆರು ವರ್ಷದಿಂದ ತಕ್ಕಡಿ ಹಿಡಿದು, ಬಾಕಿ ಲೆಕ್ಕವನ್ನು ಬಾಯಲ್ಲೇ ಹೇಳುವ ಆಳನ್ನು ನೀವು ಯಾವ ಮೆಟ್ಟಿಲಲ್ಲಿ ನಿಲ್ಲಿಸಿದ್ದೀರಿ?

ಕಾಗದವೇ ಬೇಕೆನ್ನುವವರಿಗೆ ಕಾಗದದ ದಾರಿಯೂ ಇದೆ. ಶಾಲೆಗೆ ಹೋಗದೆ ಕೆಲಸದಲ್ಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ಯೋಜನೆಯೊಳಗೆ ಸೇರಿಸಲಾಯಿತು. ಸಿಕ್ಕಿದರೆ ತೆಗೆದುಕೊಳ್ಳಿ. ಆದರೆ ಅದು ಬರುವವರೆಗೆ ಹಕ್ಕು ಕಾಯಬೇಕಾಗಿಲ್ಲ, ‘ಅಥವಾ’ ನಮ್ಮ ಪಕ್ಷದಲ್ಲಿದೆ.

ಬರುವ ಭಾನುವಾರ ಬೆಳಿಗ್ಗೆ ಯೂನಿಯನ್ ಕಚೇರಿಗೆ ಎಲ್ಲರೂ ಸಂಬಳದ ಚೀಟಿ ತನ್ನಿ. ಯಾವ ಯಂತ್ರ, ಎಷ್ಟು ವರ್ಷ, ಹೊಸಬರಿಗೆ ಕಲಿಸಿದ್ದುಂಟೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ, ಆ ಕೆಲಸ ನನಗೆ ಬರುತ್ತದೆ. ಆ ಅಕ್ಕನ ಅರ್ಜಿಯೊಂದಿಗೆ ಎಲ್ಲವನ್ನೂ ಸೇರಿಸಿ ಸೋಮವಾರ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಕೊಡೋಣ.