ರವದಿಗೆ ಬೆಂಕಿ ಹಚ್ಚುವ ಮುನ್ನ

(ಕಬ್ಬು ಬೆಳೆಗಾರ ಸಭಾಸದರ ಮೇಳಾವ್ಯದಲ್ಲಿ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ 'ಜಗತ್ತಿನ ನಾನಾ ಕಡೆಯ ಶಾಶ್ವತ ಕೃಷಿ ಪದ್ಧತಿಗಳು' ಎಂದು ಅಚ್ಚಾಗಿದೆ. ವಿಷಯ ದೊಡ್ಡದು, ಊಟದ ಹೊತ್ತು ಹತ್ತಿರ. ಆದ್ದರಿಂದ ಜಗತ್ತನ್ನೆಲ್ಲ ಸುತ್ತುವುದು ಬೇಡ. ನಿಮ್ಮ ಹೊಲದಲ್ಲೇ ಬಿದ್ದಿರುವ ಒಂದು ವಸ್ತುವಿನ ಬೆನ್ನು ಹಿಡಿದು ಮೂರು ನಾಲ್ಕು ದೇಶಗಳಿಗೆ ಹೋಗಿ ಬರೋಣ. ಆ ವಸ್ತು ರವದಿ. ಮರಾಠಿಯಲ್ಲಿ ನಾವೇ ಪಾಚಟ ಎನ್ನುತ್ತೇವೆ.

ಟೋಳಿಯವರು ಕಬ್ಬು ಕಡಿದು, ವಾಡೆ ಕಟ್ಟಿಕೊಂಡು, ಗಾಡಿ ತುಂಬಿ ಹೋದ ಮೇಲೆ ಹೊಲದ ತುಂಬ ರವದಿ ಉಳಿಯುತ್ತದೆ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಸ್ವಚ್ಛ. ಹಂಗಾಮಿನ ದಿನಗಳಲ್ಲಿ ರಾತ್ರಿ ಮೋಟಾರು ಸೈಕಲ್ಲಿನ ಮೇಲೆ ಮನೆಗೆ ಹೋಗುವಾಗ ದಾರಿಯ ಎರಡೂ ಬದಿಗೆ ಈ ಬೆಂಕಿ ನೋಡುತ್ತ ಹೋಗುತ್ತೇನೆ. ಈಗ ಲೆಕ್ಕ ನೋಡಿರಿ. ಎಕರೆಗೆ 40 ಟನ್ ಕಬ್ಬು ಬಂದ ಹೊಲದಲ್ಲಿ ಸುಮಾರು 4 ಟನ್ ಒಣ ರವದಿ ಬೀಳುತ್ತದೆ. ಒಂದು ಟನ್ನಿನಲ್ಲಿ ಸಾಧಾರಣ 4 ಕಿಲೋ ಸಾರಜನಕ, 4ರಿಂದ 5 ಕಿಲೋ ಪೊಟ್ಯಾಷ್, ಒಂದು ಕಿಲೋದಷ್ಟು ರಂಜಕ ಇರುತ್ತದೆ. ಎಕರೆಗೆ 16 ಕಿಲೋ ಸಾರಜನಕವೆಂದರೆ ಮುಕ್ಕಾಲು ಚೀಲ ಯೂರಿಯಾ. ಬೆಂಕಿ ಹಚ್ಚಿದಾಗ ಈ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಗಂಧಕವೂ ಬಹುಪಾಲು ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ನಿಜ, ಗಾಳಿ ಬೀಸದಿದ್ದರೆ. ಆದರೆ ದೊಡ್ಡ ನಷ್ಟ ಸಾವಯವ ಇಂಗಾಲದ್ದು. ನಮ್ಮ ಎರಿ ಭೂಮಿಯ ಮಣ್ಣು ಪರೀಕ್ಷೆಯ ಚೀಟಿಗಳಲ್ಲಿ ಆ ಕಲಮಿನ ಮುಂದೆ 'ಕಡಿಮೆ' ಎಂದು ಓದಿ ಓದಿ ನಿಮಗೂ ನನಗೂ ರೂಢಿಯಾಗಿಬಿಟ್ಟಿದೆ.

ಪರ್ಮಾಕಲ್ಚರ್ ಎಂಬ ಶಬ್ದವನ್ನು ತರುಣರು ಮೊಬೈಲಿನಲ್ಲಿ ನೋಡಿರಬಹುದು. ಪರ್ಮನೆಂಟ್, ಎಗ್ರಿಕಲ್ಚರ್ ಎಂಬ ಎರಡು ಶಬ್ದ ಕೂಡಿಸಿ ಮಾಡಿದ್ದು. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಬಿಲ್ ಮಾಲಿಸನ್ ಮತ್ತು ಅವರ ಕೂಡ ಕೆಲಸ ಮಾಡಿದ ತರುಣ ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಇದರ ಮೊದಲ ಪುಸ್ತಕ ತಂದರು. ಅಡವಿಯಲ್ಲಿ ಯಾರೂ ಗೊಬ್ಬರ ಹಾಕುವುದಿಲ್ಲ, ಯಾರೂ ಕಸ ಎತ್ತುವುದಿಲ್ಲ. ಆದರೂ ಅಡವಿ ಬಡವಾಗುವುದಿಲ್ಲ. ಹೊಲವನ್ನೂ ಆ ರೀತಿ ಜೋಡಿಸಬೇಕು, ಒಂದರ ಕಸ ಇನ್ನೊಂದರ ಆಹಾರವಾಗಬೇಕು ಎಂಬುದು ಅವರ ವಿಚಾರ. ಇದರ ಜಾಗತಿಕ ಸಮ್ಮೇಳನ 2017ರಲ್ಲಿ ನಮ್ಮ ಹೈದರಾಬಾದಿನಲ್ಲಿಯೇ ನಡೆಯಿತು. ನಿಮ್ಮ ಅಜ್ಜಂದಿರಿಗೆ ಈ ಮಾತು ಹೊಸದಲ್ಲ. ತಿಪ್ಪೆ ಇಲ್ಲದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು.

ಮಾಲಿಸನ್‌ಗಿಂತ ಮುಂಚೆಯೇ ಇದನ್ನು ಗದ್ದೆಯಲ್ಲಿ ಮಾಡಿ ತೋರಿಸಿದವರು ಜಪಾನಿನ ಮಸನೊಬು ಫುಕುವೋಕಾ. ಅವರು ನನ್ನ ಹಾಗೆಯೇ ಕೃಷಿ ಓದಿದವರು. ಸರಕಾರಿ ನೌಕರಿಯಲ್ಲಿ ಸಸ್ಯರೋಗ ತಪಾಸಣೆ ಮಾಡುತ್ತಿದ್ದವರು 1938ರಲ್ಲಿ ರಾಜೀನಾಮೆ ಕೊಟ್ಟು ಶಿಕೋಕು ದ್ವೀಪದ ತಮ್ಮ ಹಳ್ಳಿಗೆ ಮರಳಿದರು. ನಿಸರ್ಗಕ್ಕೆ ಬಿಟ್ಟುಬಿಡುತ್ತೇನೆಂದು ತಂದೆಯ ಕಿತ್ತಳೆ ತೋಟದ ಚಾಟಣಿ ನಿಲ್ಲಿಸಿದರು. ಟೊಂಗೆಗೆ ಟೊಂಗೆ ಹೆಣೆದು, ಕೀಟ ಬಿದ್ದು ಗಿಡಗಳು ಸತ್ತವು. ಸುಮ್ಮನೆ ಬಿಡುವುದು ಬೇರೆ, ನಿಸರ್ಗದ ಕೃಷಿ ಬೇರೆ ಎಂಬುದನ್ನು ಅವರು ತಂದೆಯ ಗಿಡಗಳ ಖರ್ಚಿನಲ್ಲಿ ಕಲಿತರು. ಮುಂದೆ ಅವರ ಗದ್ದೆಯ ಪದ್ಧತಿ ಹೀಗಿತ್ತು: ನಿಂತ ಭತ್ತದಲ್ಲಿಯೇ ಜವೆಗೋದಿ ಬಿತ್ತುವುದು, ಭತ್ತ ಕೊಯ್ದ ಮೇಲೆ ಹುಲ್ಲನ್ನೆಲ್ಲ ಕತ್ತರಿಸದೆ ಅದೇ ಗದ್ದೆಗೆ ಅಡ್ಡಾದಿಡ್ಡಿ ಚೆಲ್ಲುವುದು. ಒಂದು ಮಾತು ಗಮನಿಸಿರಿ. ಹುಲ್ಲು ಕೊಳೆಯಲಿ ಎಂದು ಅವರು ಅದರ ಮೇಲೆ ಸ್ವಲ್ಪ ಕೋಳಿ ಗೊಬ್ಬರ ಚೆಲ್ಲುತ್ತಿದ್ದರು. ಯಾಕೆ ಎಂಬುದು ಆಮೇಲೆ ಬರುತ್ತದೆ. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಭತ್ತದ ಹುಲ್ಲು ಬೇರೆ, ಕಬ್ಬಿನ ರವದಿ ಬೇರೆ ಎಂದು ನೀವು ಅನ್ನಬಹುದು. ಹಾಗಾದರೆ ಮತ್ತೆ ಆಸ್ಟ್ರೇಲಿಯಾಕ್ಕೆ ಹೋಗೋಣ, ಈ ಸಲ ಉತ್ತರಕ್ಕೆ, ಕಬ್ಬು ಬೆಳೆಯುವ ಕ್ವೀನ್ಸ್‌ಲ್ಯಾಂಡಿಗೆ. ಅಲ್ಲಿ ಕಬ್ಬು ಸುಡುವ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ಇಲಿಗಳಿಂದ. 1930ರ ದಶಕದಲ್ಲಿ ಕಬ್ಬು ಕಡಿಯುವ ಕಾರ್ಮಿಕರಿಗೆ ಒಂದು ಜ್ವರ ಬರತೊಡಗಿತು. ಇಲಿಯ ಮೂತ್ರದಿಂದ, ಕೈಕಾಲಿನ ಗಾಯದ ಮೂಲಕ ಹರಡುವ ರೋಗ; ನಾವು ಇಂದು ಇಲಿ ಜ್ವರ ಎನ್ನುವುದು ಅದನ್ನೇ. ಜನ ಸತ್ತರು. ಹೊಲ ಸುಟ್ಟು ಇಲಿ ಓಡಿಸಿದ ಮೇಲೆಯೇ ಕೊಯ್ತಾ ಹಿಡಿಯುತ್ತೇವೆಂದು 1934-35ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೇಡಿಕೆ ನ್ಯಾಯವಾದದ್ದು. ಅಲ್ಲಿಂದ ನಾಲ್ಕು ದಶಕ ಸುಡುವುದೇ ರೂಢಿಯಾಯಿತು.

ಮುಂದೆ ಕೊಯ್ಲಿಗೆ ಯಂತ್ರ ಬಂತು. ಯಂತ್ರಕ್ಕೆ ಇಲಿ ಜ್ವರ ಬರುವುದಿಲ್ಲ, ಆದರೂ ಸುಡುವುದು ನಿಲ್ಲಲಿಲ್ಲ. ನಿಲ್ಲಿಸಿದ್ದು ಮಳೆ. ಸುಟ್ಟ ಕಬ್ಬು ಮಳೆಗೆ ಸಿಕ್ಕು ಹೊಲದಲ್ಲಿಯೇ ಹುಳಿತು ಸಕ್ಕರೆ ಇಳಿಯಿತು. 1970ರ ದಶಕದ ಕೊನೆಯಿಂದ ಉತ್ತರದ ಮಳೆ ಪ್ರದೇಶದ ರೈತರು ಹಸಿ ಕಬ್ಬನ್ನೇ ಕಡಿಸಿ ರವದಿಯನ್ನು ಹೊಲದಲ್ಲೇ ಕಂಬಳಿಯ ಹಾಗೆ ಹಾಸತೊಡಗಿದರು. ಕಳೆ ಕಡಿಮೆಯಾಯಿತು, ಉಳುಮೆ ಉಳಿಯಿತು, ಜೋರು ಮಳೆಗೆ ಮಣ್ಣು ಕೊಚ್ಚಿಹೋಗುವುದು ನಿಂತಿತು. ಇಂದು ಅಲ್ಲಿ ಅದೇ ಪದ್ಧತಿ. ಬ್ರೆಜಿಲಿನಲ್ಲಿ ಇದೇ ಕೆಲಸ ಕಾನೂನಿನಿಂದ ಆಯಿತು: ಸಾವೊ ಪಾಲೊ ರಾಜ್ಯ 2002ರಲ್ಲಿ ಸುಡುವುದನ್ನು ಹಂತ ಹಂತವಾಗಿ ನಿಲ್ಲಿಸುವ ಕಾಯಿದೆ ಮಾಡಿತು.

ನಮ್ಮಲ್ಲಿ ಕಾರ್ಮಿಕರು ಹಸಿ ಕಬ್ಬನ್ನೇ ಕಡಿದು ಸುಲಿದು ಕೊಡುತ್ತಾರೆ. ಅಂದರೆ ಅರ್ಧ ಕೆಲಸ ಆಗಿಯೇ ಇದೆ. ನಾವು ಸುಡುವುದು ಕಬ್ಬು ಹೋದ ಮೇಲೆ. ಯಾರ ಜ್ವರಕ್ಕಾಗಿ, ನನಗೆ ತಿಳಿಯದು.

ಇಷ್ಟು ಹೇಳಿ ಕೆಳಗೆ ಕೂತರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ನಾನು ನೌಕರಿಗೆ ಸೇರಿದ ಹೊಸತು. ಒಬ್ಬ ಸಭಾಸದರಿಗೆ ಗಂಟು ಬಿದ್ದು ಎರಡು ಎಕರೆ ಕುಳೆಯಲ್ಲಿ ಪೂರ್ತಿ ರವದಿ ಬಿಡಿಸಿದೆ. ಎರಿ ಭೂಮಿ, ಹೆಚ್ಚು ಇಳಿಜಾರಿಲ್ಲ, ಸಾಲು ಉದ್ದ. ಮೊದಲ ನೀರಿಗೆ ಕರೆಂಟು ಬಂದಿದ್ದು ರಾತ್ರಿ. ನೀರು ಸಾಲಿನ ತಲೆಯಲ್ಲೇ ರವದಿಗೆ ತಡೆದು ಬೋದು ಒಡೆಯಿತು. ಮೇಲಿನ ಹೊಲ ಕೆಸರು, ಕೆಳಗಿನದು ಒಣ. ಕೆಳಗೆ ಎಷ್ಟೋ ಗಡ್ಡೆ ಚಿಗುರಲೇ ಇಲ್ಲ. ಮರುದಿನ ಹೋದಾಗ ಅವರು ಬೈಯಲಿಲ್ಲ. "ಸಾಹೇಬ್ರ, ನಿಮ್ಮ ಪುಸ್ತಕದಾಗ ನೀರು ಹರೀತಾವ, ನನ್ನ ಹೊಲದಾಗ ಹರಿವಲ್ವು" ಎಂದರು. ಅದರ ಮುಂದಿನ ವರ್ಷದಿಂದ ಅವರು ಸುಟ್ಟರು. ಅವರಿಗೆ ಎದುರು ಮಾತು ಹೇಳುವ ಮುಖ ನನಗಿರಲಿಲ್ಲ.

ಎಷ್ಟೋ ದಿನಗಳ ಮೇಲೆ ಓದುವಾಗ ತಿಳಿಯಿತು: ಅದೇ ಕ್ವೀನ್ಸ್‌ಲ್ಯಾಂಡಿನ ಬರ್ಡೆಕಿನ್ ಭಾಗದಲ್ಲಿ ಇಂದಿಗೂ ಹೆಚ್ಚಿನವರು ಸುಡುತ್ತಾರೆ. ಕಾರಣ, ಅಲ್ಲಿ ಸಾಲಿನಲ್ಲಿ ನೀರು ಹಾಯಿಸುತ್ತಾರೆ, ರವದಿ ಅಡ್ಡ ಬರುತ್ತದೆ. ಅವರದೂ ನಮ್ಮದೂ ಒಂದೇ ತೊಂದರೆ. ಆದ್ದರಿಂದ ಸುಡುವವರನ್ನು ಅಜ್ಞಾನಿಗಳೆಂದು ಕರೆಯುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಇದಕ್ಕೆ ದಾರಿ ಇದೆ. ಹನಿ ನೀರಾವರಿ ಇದ್ದವರಿಗೆ ಈ ತೊಂದರೆಯೇ ಇಲ್ಲ. ಹಾಯಿ ನೀರಿನವರು ರವದಿಯನ್ನು ಒಂದು ಬಿಟ್ಟು ಒಂದು ಸಾಲಿಗೆ ಎಳೆಯಬೇಕು; ಒಂದು ಸಾಲು ರವದಿಗೆ, ಒಂದು ಸಾಲು ನೀರಿಗೆ. ಗಡ್ಡೆಯ ಮೇಲೆ ರವದಿ ಉಳಿಯಬಾರದು, ಉಳಿದರೆ ಚಿಗುರು ಹಳದಿಯಾಗಿ ಸೊರಗುತ್ತದೆ. ಬುಡವನ್ನು ಹರಿತ ಕೊಯ್ತಾದಿಂದ ನೆಲಮಟ್ಟಕ್ಕೆ ಸವರಬೇಕು. ಬಳಿಕ ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸುಪರ್ ಫಾಸ್ಫೇಟ್, ಒಂದು ಕಿಲೋ ಕೊಳೆಯಿಸುವ ಜೀವಾಣು ಚೆಲ್ಲಿ ನೀರು ಕೊಡಬೇಕು. ಎಕರೆಗೆ 32 ಕಿಲೋ ಯೂರಿಯಾ ಆಯಿತು. ಫುಕುವೋಕಾ ಅವರ ಕೋಳಿ ಗೊಬ್ಬರದ ಗುಟ್ಟು ಇದೇ. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ತಿನ್ನುವ ಜೀವಾಣುಗಳಿಗೆ ನಾವು ಸಾರಜನಕ ಕೊಡದಿದ್ದರೆ ಅವು ಕಬ್ಬಿನ ಪಾಲಿನಿಂದ ಕಿತ್ತುಕೊಳ್ಳುತ್ತವೆ. ಹಾಗಾಗಿ ಮೊದಲ ವರ್ಷ ಗೊಬ್ಬರದ ಖರ್ಚು ಇಳಿಯುತ್ತದೆಂದು ನಾನು ಹೇಳುವುದಿಲ್ಲ. ರವದಿ ಮೊದಲು ಸಾಲ ಪಡೆದು ಆಮೇಲೆ ತೀರಿಸುವ ಗಿರಾಕಿ. ಬೇಸಿಗೆಯ ತೇವ ಮತ್ತು ಕಳೆಯ ಲಾಭ ಮಾತ್ರ ಅದೇ ವರ್ಷ ಕೈಗೆ ಬರುತ್ತದೆ.

ಗೆದ್ದಲಿನ ಭಯ ಹಲವರಿಗೆ ಇದೆ. ಹೊಸ ನಾಟಿಯಲ್ಲಿ ಬೀಜದ ತುಂಡಿಗೆ ಆ ಭಯ ಸರಿಯೇ. ಆದರೆ ನಮ್ಮ ಜತ್ತಿನ ಹಾಗೆ ಮಳೆ ಕೈಕೊಡುವ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಯಾಕುಬಾ ಸವಾಡೊಗೊ ಎಂಬ ರೈತ ಗೆದ್ದಲನ್ನೇ ಆಳಾಗಿ ಇಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ಗಟ್ಟಿ ನೆಲಕ್ಕೆ ಗುಂಡಿ ತೋಡಿ ಗೊಬ್ಬರ, ಕಸ ಹಾಕುವುದು. ಅದಕ್ಕೆ ಗೆದ್ದಲು ಬಂದು ನೆಲ ಕೊರೆಯುವುದು. ಮಳೆ ಬಂದಾಗ ಆ ತೂತುಗಳಿಂದ ನೀರು ಇಂಗುವುದು. ಬರಡು ನೆಲದಲ್ಲಿ ಜೋಳ ಬೆಳೆದು, ಅಡವಿಯನ್ನೂ ಎಬ್ಬಿಸಿದರು. ಮಾಲಿಸನ್ ಅವರಿಗೆ 1981ರಲ್ಲಿ ಬಂದಿದ್ದ ರೈಟ್ ಲೈವ್ಲಿಹುಡ್ ಪ್ರಶಸ್ತಿ 2018ರಲ್ಲಿ ಇವರಿಗೂ ಬಂತು. 2023ರಲ್ಲಿ ತೀರಿಕೊಂಡರು.

ಟೋಳಿ ನಿಮ್ಮ ಹೊಲ ಬಿಡುವ ಎರಡು ದಿನ ಮೊದಲು ನಿಮ್ಮ ಗಟ ಆಫೀಸಿಗೆ ತಿಳಿಸಿರಿ. ಸ್ಲಿಪ್ ಬಾಯ್ ಬಂದು ಸಾಲು ನೋಡಿ ಹೋಗುತ್ತಾನೆ. ನಾನು ಹೇಳಿದ ಆ ಸಭಾಸದರು ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಈ ಸಲ ಒಂದು ಎಕರೆ ನನಗೆ ಕೊಟ್ಟಿದ್ದಾರೆ, ಇನ್ನೊಂದು ಎಕರೆ ಎಂದಿನಂತೆ ಸುಡುವುದಾಗಿ ಹೇಳಿದ್ದಾರೆ. ಮೇ ತಿಂಗಳಲ್ಲಿ ಬಂದು ಎರಡನ್ನೂ ನೋಡಿರಿ. ಬರುವಾಗ ಸಲಿಕೆ ತನ್ನಿರಿ, ಎರಡೂ ಕಡೆ ಅಗೆದು ಮಣ್ಣು ಕೈಯಲ್ಲಿ ಹಿಡಿದು ನೋಡೋಣ.