ನನ್ನ ಶನಿವಾರದ ಮಕ್ಕಳು

(ನಾಗಪುರದ ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪ್ರತಿ ಸಲ ನನ್ನನ್ನು ಪ್ರಾರ್ಥನೆಗೆ ಕರೆಯುತ್ತೀರಿ. ಎರಡು ನಿಮಿಷ ಹಾಡಿ ಕೂತುಬಿಡುತ್ತೇನೆ. ಈ ಸಲ ನಮ್ಮ ಕಾರ್ಯದರ್ಶಿಯವರು, "ಶನಿವಾರ ಮಧ್ಯಾಹ್ನ ಫೋನ್ ಮಾಡಿದರೆ ನೀವು ಎತ್ತುವುದೇ ಇಲ್ಲ, ಎಲ್ಲಿಗೆ ಹೋಗುತ್ತೀರಿ ಅನ್ನುವುದನ್ನಾದರೂ ಎಲ್ಲರಿಗೂ ಹೇಳಿಬಿಡಿ" ಎಂದರು. ಅದಕ್ಕೇ ಇವತ್ತು ಹಾಡಿಲ್ಲ, ಬರೀ ಮಾತು.

ಬಳೆಯಿಂದಲೇ ಶುರು ಮಾಡುತ್ತೇನೆ. ಹೋದ ಶ್ರಾವಣದಲ್ಲಿ ಪಾಠ ಮುಗಿಸಿ ನೇರವಾಗಿ ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಕೈಯಲ್ಲಿ ಬಳೆ ಇರಲಿಲ್ಲ. ನಮ್ಮ ಹಿರಿಯರೊಬ್ಬರು, ಇಲ್ಲೇ ಎದುರಿಗೆ ಕೂತು ನಗುತ್ತಿದ್ದಾರೆ, "ಏನಮ್ಮಾ, ಮುತ್ತೈದೆ ಹೀಗೆ ಬರಿಗೈಯಲ್ಲಿ ಬರುವುದೇ?" ಎಂದು ಗದರಿಸಿ ಎರಡು ಡಜನ್ ಹಸಿರು ಬಳೆ ತೊಡಿಸಿ ಕಳಿಸಿದರು. ಮುಂದಿನ ಶನಿವಾರ ಅವನ್ನು ತೆಗೆಯಲು ಸೋಪು ಹಚ್ಚಬೇಕಾಯಿತು. ಆವತ್ತು ಕಾರಣ ಹೇಳಲಿಲ್ಲ, ಇವತ್ತು ಹೇಳುತ್ತೇನೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದಾನೆ. ನಾನು ತಾಳ ಹಾಕಲು ಕೈ ಎತ್ತಿದರೆ ಸಾಕು, ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ನನ್ನ ಗಂಟಲೇ ಅವನಿಗೆ ಆಗದೇನೋ ಎಂದು ನಾಲ್ಕು ತಿಂಗಳು ನೊಂದುಕೊಂಡೆ. ಅವನಿಗೆ ಆಗದಿದ್ದದ್ದು ಬಳೆಯ ಸದ್ದು. ಆಟಿಸಂ ಇರುವ ಅನೇಕ ಮಕ್ಕಳಿಗೆ ಕೆಲವು ಸದ್ದುಗಳು ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ. ಮಿಕ್ಸಿ, ಕುಕ್ಕರ್ ಸೀಟಿ, ಸ್ಟೀಲ್ ತಟ್ಟೆ ಬಿದ್ದ ಸದ್ದು. ನಮಗೆ ಮಂಗಳಕರವಾದ ಬಳೆಯ ಸದ್ದೂ ಆ ಪಟ್ಟಿಯಲ್ಲಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ನಾನು ಶಿವಮೊಗ್ಗದವಳು. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ತನಕ ಕಲಿತು, ಮದುವೆಯಾಗಿ ಈ ಊರಿಗೆ ಬಂದೆ. ನಾಗಪುರದ ದೊಡ್ಡ ಸಭಾಗೃಹಕ್ಕೆ ವಸಂತರಾವ್ ದೇಶಪಾಂಡೆಯವರ ಹೆಸರು. ಇಲ್ಲಿನ ಗಾಳಿಯಲ್ಲಿ ಇರುವುದು ಹಿಂದೂಸ್ತಾನಿ, ನಾಟ್ಯಗೀತೆ. ನನ್ನ ಸರಳೆ ವರಸೆಗೆ ಗಿರಾಕಿ ಕಡಿಮೆ. ನಮ್ಮ ಕಾಲೋನಿಯ ನಾಲ್ಕೈದು ತಮಿಳು, ತೆಲುಗು, ಕನ್ನಡದ ಮಕ್ಕಳಿಗೆ ಹೇಳಿಕೊಡುತ್ತಿದ್ದೆ, ಅಷ್ಟೆ. ಪಕ್ಕದ ಮನೆಯ ಮರಾಠಿ ತಾಯಿ ವಿಶೇಷ ಮಕ್ಕಳ ಶಾಲೆಯಲ್ಲಿ ಟೀಚರ್. ಒಂದು ದಿನ, "ವಾರಕ್ಕೆ ಒಂದು ಗಂಟೆ ಬರುತ್ತೀರಾ?" ಎಂದು ಕೇಳಿದರು. ಪುಣ್ಯದ ಕೆಲಸ ಅಂದುಕೊಂಡು ಹೂಂ ಅಂದೆ. ಆ 'ಪುಣ್ಯ' ಅನ್ನುವ ಮಾತನ್ನು ಈಗ ನಾನು ಬಳಸುವುದಿಲ್ಲ.

ಮೊದಲ ದಿನ ಹನ್ನೊಂದು ಮಕ್ಕಳು. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಕಿವಿ ಕೇಳದ ಒಂದು ಹುಡುಗಿ. 2016ರ ಕಾನೂನು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ನನ್ನ ಚಾಪೆಯ ಮೇಲೆ ಅದರಲ್ಲಿ ನಾಲ್ಕು ಕೂತಿದ್ದವು. ನಾನೋ, ನಮ್ಮ ಟೀಚರ್ ನನಗೆ ಹೇಳಿಕೊಟ್ಟ ಹಾಗೇ ಶ್ರುತಿ ಹಾಕಿ, ಮಾಯಾಮಾಳವಗೌಳದಲ್ಲಿ ಸ ರಿ ಗ ಮ ಹಿಡಿದೆ. ಒಬ್ಬ ಎದ್ದು ಹೋದ. ಒಬ್ಬಳು ಶ್ರುತಿ ಪೆಟ್ಟಿಗೆಯ ಗುಂಡಿ ತಿರುಗಿಸಿದಳು. ಇಬ್ಬರು ನಿದ್ದೆ ಹೋದರು. ಆ ಮರಾಠಿ ತಾಯಿ ಬಾಗಿಲಲ್ಲಿ ನಿಂತು ಎಲ್ಲ ನೋಡಿ ನನಗೊಂದು ಮಾತು ಹೇಳಿದರು: "ಆಧೀ ಐಕಾ, ಮಗ ಗಾ." ಮೊದಲು ಕೇಳಿ, ಆಮೇಲೆ ಹಾಡಿ.

ಏನು ಕೇಳಬೇಕು? ಮಗು ಮಾಡುವ ಸದ್ದನ್ನು. ಎಲ್ಲ ಮಕ್ಕಳೂ ಏನಾದರೂ ಸದ್ದು ಮಾಡುತ್ತಿರುತ್ತಾರೆ. ಒಬ್ಬ "ಊಂ" ಎಂದು ಒಂದೇ ಸ್ವರ ಹಿಡಿದಿರುತ್ತಾನೆ. ಅದು ಯಾವ ಸ್ವರವೋ ಅದನ್ನೇ ನಾನು ಷಡ್ಜ ಮಾಡಿಕೊಂಡು ಶ್ರುತಿಯನ್ನು ಅಲ್ಲಿಗೆ ತಂದೆ. ಆ ಹುಡುಗ ತಟ್ಟನೆ ತಲೆ ಎತ್ತಿ ಪೆಟ್ಟಿಗೆಯ ಕಡೆ ನೋಡಿದ. ಪಾಠ ಶುರುವಾದದ್ದು ಆವತ್ತು. ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಪಾಲ್ ನಾರ್ಡಾಫ್ ಎಂಬ ಅಮೆರಿಕದ ಸಂಗೀತಗಾರ ಮತ್ತು ಕ್ಲೈವ್ ರಾಬಿನ್ಸ್ ಎಂಬ ಇಂಗ್ಲೆಂಡಿನ ವಿಶೇಷ ಶಿಕ್ಷಕ 1959ರಿಂದ ಜೊತೆಯಾಗಿ ಇದನ್ನೇ ಮಾಡಿದರು: ಮಗು ಬಡಿದದ್ದು, ಕೂಗಿದ್ದು ಯಾವುದೇ ಇರಲಿ, ಅದಕ್ಕೆ ಪಿಯಾನೋದಲ್ಲಿ ಉತ್ತರ ಕೊಡುವುದು. ನನಗೆ ಅವರ ವಿಷಯ ತಿಳಿದದ್ದು ಎಷ್ಟೋ ತಡವಾಗಿ, ಯೂಟ್ಯೂಬಿನಲ್ಲಿ.

ಆಮೇಲೆ ಮಾಯಾಮಾಳವಗೌಳ ಬಿಟ್ಟೆ. ಪುರಂದರದಾಸರು ಹಾಕಿಕೊಟ್ಟ ದಾರಿ ಎನ್ನುತ್ತಾರೆ, ಅದನ್ನು ಬಿಡಲು ಕೈ ನಡುಗಿತು, ನಿಜ. ಆದರೆ ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಹಾರುವುದು ಈ ಮಕ್ಕಳಿಗೆ ಕಷ್ಟ. ಮೋಹನ ತೆಗೆದುಕೊಂಡೆ, ಇಲ್ಲಿಯವರ ಭೂಪ್. ಐದೇ ಸ್ವರ. ಯಾವ ಸ್ವರದ ಪಕ್ಕ ಯಾವುದನ್ನು ಹಾಡಿದರೂ ಕಿವಿಗೆ ಒರಟಾಗುವುದಿಲ್ಲ. "ತಪ್ಪು" ಎಂದು ಹೇಳುವ ಪ್ರಸಂಗವೇ ಬರುವುದಿಲ್ಲ. ಶಾಲೆಯಲ್ಲಿ, ಥೆರಪಿಯಲ್ಲಿ, ಮನೆಯಲ್ಲಿ ಇಡೀ ದಿನ ತಿದ್ದಿಸಿಕೊಳ್ಳುವ ಮಗುವಿಗೆ ಒಂದು ಗಂಟೆ ಯಾರೂ ತಿದ್ದದಿರುವುದು ಎಷ್ಟು ದೊಡ್ಡದು ಅಂತ ಯೋಚಿಸಿ.

ತಾಳದ್ದು ಇನ್ನೊಂದು ಕಥೆ. ಆದಿತಾಳ ಎಂದರೆ ನಮಗೆ ಎಷ್ಟು ಸುಲಭ: ಒಂದು ತಟ್ಟು, ಮೂರು ಬೆರಳು, ತಟ್ಟಿ ಬೀಸು, ತಟ್ಟಿ ಬೀಸು. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಗೆ ಕಿರುಬೆರಳೊಂದನ್ನೇ ಎತ್ತಿ ಇಡುವುದು ಬೆಟ್ಟ ಹತ್ತಿದ ಹಾಗೆ. ಅವಳಿಗೆ ಬೆರಳು ಬೇಡ ಅಂದೆ. ತೊಡೆಯ ಮೇಲೆ ಅಂಗೈ ಬಿದ್ದರೆ ತಟ್ಟು, ಎದ್ದರೆ ಬೀಸು. ಎಂಟು ಎಣಿಕೆ ಮುಗಿಯಲು ಮೊದಮೊದಲು ಒಂದು ನಿಮಿಷವಾಗುತ್ತಿತ್ತು. ಅವಳ ಕಾಲಕ್ಕೆ ನಾನು ಹಾಡನ್ನು ಎಳೆದೆ. ಅಷ್ಟು ವಿಳಂಬದಲ್ಲಿ ನಾನು ಹಿಂದೆಂದೂ ಹಾಡಿರಲಿಲ್ಲ, ನನ್ನ ಉಸಿರು ಎಷ್ಟು ಗಿಡ್ಡ ಅನ್ನುವುದು ಆಗ ಗೊತ್ತಾಯಿತು. ಡೌನ್ ಸಿಂಡ್ರೋಮ್ ಮಕ್ಕಳಿಗೆ ಲಯ ತುಂಬಾ ಇಷ್ಟ. ನಾಲಿಗೆಯ ಸ್ನಾಯು ಸಡಿಲ, ಕಿವಿಯೊಳಗೆ ನೀರು ತುಂಬಿಕೊಂಡು ಕೇಳಿಸುವುದೂ ಕಡಿಮೆಯಾಗುವುದುಂಟು, ಹಾಗಾಗಿ ಅವರನ್ನು ನನ್ನ ಮುಖದ ಎದುರಿಗೇ ಕೂರಿಸುತ್ತೇನೆ. ಕಿವಿ ಕೇಳದ ಹುಡುಗಿ ತಂಬೂರಿಯ ಬುರುಡೆಗೆ ಕೆನ್ನೆ ಆನಿಸಿ ಕೂರುತ್ತಾಳೆ. ತಂತಿ ನಿಂತ ತಕ್ಷಣ ಕಣ್ಣು ಬಿಟ್ಟು ನನ್ನನ್ನು ನೋಡುತ್ತಾಳೆ, ಯಾಕೆ ನಿಲ್ಲಿಸಿದಿರಿ ಎಂಬಂತೆ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಕಿವಿ ಕೇಳದೆಯೂ ಜಗತ್ತೇ ಮೆಚ್ಚುವ ತಾಳವಾದ್ಯಗಾರ್ತಿ. ಅದುರುವಿಕೆ ತಿಳಿಯಲೆಂದು ಬರಿಗಾಲಿನಲ್ಲಿ ನಿಂತು ನುಡಿಸುತ್ತಾರೆ.

ಇದೆಲ್ಲ ಹೊರದೇಶದ ಮಾತಾಯಿತು ಅಂದುಕೊಳ್ಳಬೇಡಿ. ನಮ್ಮ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ಹಿಂದೂಸ್ತಾನಿ, ಕರ್ನಾಟಕಿ ಎರಡರಲ್ಲೂ ಪಂಡಿತರು. ಅವರು ಸಾಕಿ ಬೆಳೆಸಿದ, ಮಗುವಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರುಗಳು ಹೋದ ಮೇಲೆ ಆಶ್ರಮ ನಡೆಸಿದರು. 2010ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಎಷ್ಟು ಅಂಧ ಮಕ್ಕಳು ಅಲ್ಲಿ ಅನ್ನ ಉಂಡು, ಹಾಡು ಕಲಿತು, ಸಂಗೀತ ಮೇಷ್ಟ್ರಾಗಿ ಹೊಟ್ಟೆ ಹೊರೆದುಕೊಂಡರೋ! ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಬಸವರಾಜ ರಾಜಗುರುಗಳಂಥ ಕಣ್ಣಿರುವ ಶಿಷ್ಯರೂ ಪಂಚಾಕ್ಷರಿ ಗವಾಯಿಗಳ ಬಳಿಯೇ ಕಲಿತವರು. ಅಲ್ಲಿ ಅಂಧ ಮಕ್ಕಳಿಗೆ ಬೇರೆ ಸಂಗೀತ, ಬೇರೆಯವರಿಗೆ ಬೇರೆ ಸಂಗೀತ ಅಂತ ಇರಲಿಲ್ಲ. ಅವರಿಗೆ ಕಲಿಸಿದ್ದು ಕಾಯಿಲೆ ವಾಸಿಯಾಗಲಿ ಎಂದಲ್ಲ, ಹಾಡಲಿ ಎಂದು.

ಯಾಕೆ ಹೇಳುತ್ತೇನೆ ಅಂದರೆ, ತಾಯಂದಿರು ನನ್ನನ್ನು ಮೊದಲು ಕೇಳುವ ಪ್ರಶ್ನೆಯೇ, "ಸಂಗೀತ ಕಲಿತರೆ ಇವನು ಸರಿಹೋಗುತ್ತಾನಾ ಮೇಡಂ?" ವಾಟ್ಸಾಪಿನಲ್ಲಿ ಆ ರಾಗ ಈ ರೋಗಕ್ಕೆ ಎಂದು ಪಟ್ಟಿಗಳು ಓಡಾಡುತ್ತವೆ, ನಮ್ಮ ಗುಂಪಿಗೂ ಬಂದಿವೆ. ನಾನು ಸುಳ್ಳು ಹೇಳುವುದಿಲ್ಲ. ಒಂಬತ್ತು ದೇಶಗಳಲ್ಲಿ ಆಟಿಸಂ ಇರುವ 364 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸಂಗೀತ ಚಿಕಿತ್ಸೆ ಸೇರಿಸಿದ್ದರಿಂದ ಆಟಿಸಂ ಲಕ್ಷಣಗಳ ತೀವ್ರತೆ ಕಡಿಮೆಯಾಗಲಿಲ್ಲ ಎಂದೇ ಅದರ ತೀರ್ಮಾನ. ಇದನ್ನು ಹೇಳಿದಾಗ ಒಬ್ಬ ತಾಯಿ ಕೇಳಿದರು, "ಹಾಗಾದರೆ ಯಾಕೆ ಕಲಿಸಬೇಕು?" ನಿಮ್ಮ ದೊಡ್ಡ ಮಗಳನ್ನು ಸಂಗೀತಕ್ಕೆ ಯಾಕೆ ಕಳಿಸಿದಿರಿ ಎಂದು ನಾನೂ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಇಷ್ಟ, ಅದಕ್ಕೆ" ಎಂದರು.

ಈಗ ಬಳೆಯ ಹುಡುಗನಿಗೆ ಬರುತ್ತೇನೆ. ಹೆಸರು ಹೇಳುವುದಿಲ್ಲ. ನಮ್ಮ ಕನ್ನಡದ ಮನೆಯವನೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ. ಮೂರು ವರ್ಷವಾದರೂ ಮಾತು ಬರಲಿಲ್ಲ ಎಂದು ತೋರಿಸಿದಾಗ ಯಾರೋ ಡಾಕ್ಟರು, "ಒಂದೇ ಭಾಷೆ ಇಟ್ಟುಕೊಳ್ಳಿ" ಅಂದರಂತೆ. ಮನೆಯವರು ಕನ್ನಡ ಬಿಟ್ಟರು. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಈಗ ಅಧ್ಯಯನಗಳು ಹೇಳುತ್ತಿವೆ, ಆಗ ಅವರಿಗೆ ಹೇಳುವವರಿರಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದರು, ದಾವಣಗೆರೆ ಕಡೆಯವರು, ಹಿಂದಿ ಬಾರದು. ಒಂದೇ ಮನೆಯಲ್ಲಿದ್ದು ಮೊಮ್ಮಗನ ಜೊತೆ ಮಾತಾಡುವ ಹಾಗಿಲ್ಲ.

ಒಂದು ಶನಿವಾರ, ನಾನು ಬಳೆ ಬಿಟ್ಟು ಆರೇಳು ವಾರವಾಗಿತ್ತು, ಅವನು ಗೋಡೆಯ ಕಡೆ ತಿರುಗಿಯೇ ಏನೋ ಗುನುಗಿದ. ಸಣ್ಣ ಧಾಟಿ, ಮೂರು ಸ್ವರ ಅಷ್ಟೆ. ಅದನ್ನೇ ನಾನೂ ಗುನುಗಿದೆ. ಮತ್ತೆ ಅವನು, ಮತ್ತೆ ನಾನು. ಫೋನಿನಲ್ಲಿ ರೆಕಾರ್ಡ್ ಮಾಡಿ ತಾಯಿಗೆ ಕೇಳಿಸಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಅದು ಅಜ್ಜಿಯ ಜೋಗುಳ. ಮೂರು ವರ್ಷದ ತನಕ ತೊಟ್ಟಿಲಲ್ಲಿ, ತೊಡೆಯ ಮೇಲೆ ಕೇಳಿದ್ದು. ಆಗ ಅವನಿಗೆ ಒಂಬತ್ತು. ಆಟಿಸಂ ಬಗ್ಗೆ 1943ರಲ್ಲಿ ಲಿಯೋ ಕ್ಯಾನರ್ ಬರೆದ ಮೊದಲ ಲೇಖನದಲ್ಲೇ, ಒಂದು ವರ್ಷದ ಹೊತ್ತಿಗೆ ಎಷ್ಟೋ ಧಾಟಿಗಳನ್ನು ಸರಿಯಾಗಿ ಗುನುಗುತ್ತಿದ್ದ ಹುಡುಗನೊಬ್ಬನ ವಿಷಯ ಬರುತ್ತದೆ. ಓದಿ ತಿಳಿದಿದ್ದೆ, ಆದರೂ ಕಣ್ಣೆದುರು ನಡೆದಾಗ ಬೇರೆ. ಆಮೇಲಿನ ವಾರದಿಂದ ಅಜ್ಜಿಯನ್ನೇ ಕ್ಲಾಸಿಗೆ ಕರೆಸಿದೆ. ಅವನು ಮಾತಾಡಲು ಶುರು ಮಾಡಿದ ಎಂದು ನೀವು ಕಾಯುತ್ತಿದ್ದೀರಿ ಅನ್ನಿಸುತ್ತದೆ. ಇಲ್ಲ. ಅಜ್ಜಿ ಸಾಲು ಹಾಡಿ ನಿಲ್ಲಿಸಿದರೆ ಕೊನೆಯ "ಜೋ" ಅವನದು. ಆ ಒಂದು ಅಕ್ಷರಕ್ಕಾಗಿ ಅವರು ಆಟೋ ಹಿಡಿದು ಬರುತ್ತಿದ್ದರು, ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲೂ.

ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ನನಗೆ ಆಸೆ ಹತ್ತಿತು. ಶಾಲೆಯ ಸ್ನೇಹಸಮ್ಮೇಳನದಲ್ಲಿ ಅಜ್ಜಿ ಮೊಮ್ಮಗನನ್ನು ವೇದಿಕೆ ಹತ್ತಿಸಬೇಕು, ಎಲ್ಲರೂ ನೋಡಬೇಕು ಎಂದು. ಆ ಮರಾಠಿ ತಾಯಿ ಬೇಡ ಅಂದರು. ನಾನು ಕೇಳಲಿಲ್ಲ. ಹುಡುಗನ ಮುಂದೆ ಮೈಕು ಹಿಡಿದದ್ದು ನಾನೇ. ಮೈಕು ಕಿರ್ರೆಂದು ಕೂಗಿತು. ಅವನು ತನ್ನ ಕೈಯನ್ನು ತಾನೇ ಕಚ್ಚಿಕೊಂಡು ಅಲ್ಲೇ ಬಿದ್ದು ಹೊರಳಿದ. ಅಜ್ಜಿಯ ಸೆರಗಿಗೆ ರಕ್ತ ಹತ್ತಿತ್ತು. ಸಭೆಯಲ್ಲಿ ಕೆಲವರು ಫೋನು ಎತ್ತಿ ಹಿಡಿದಿದ್ದರು. ಮೂರು ತಿಂಗಳು ಅವನು ಕ್ಲಾಸಿನೊಳಗೆ ಕಾಲಿಡಲಿಲ್ಲ. ನಾನು ಹೊರಗಿನ ಮೆಟ್ಟಿಲ ಮೇಲೆ ಅವನಿಂದ ಹತ್ತು ಅಡಿ ದೂರ ಕೂತು, ಹಾಡದೆ, ಬರೀ ಶ್ರುತಿ ಹಾಕಿಕೊಂಡು ಕಾದೆ. ಅಜ್ಜಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವರು ಈಗ ಇಲ್ಲ, ಹೋದ ಮಾಘದಲ್ಲಿ ತೀರಿಕೊಂಡರು. ಅವರು ಹಾಡಿದ್ದು ನನ್ನ ಫೋನಿನಲ್ಲಿದೆ. ಅವನು ಕೇಳುತ್ತಾನೆ, ಸಾಲು ನಿಂತ ಕಡೆ ಇನ್ನೂ "ಜೋ" ಅನ್ನುತ್ತಾನೆ.

ಆ ಹುಡುಗನ ತಾಯಿ ಆರು ವರ್ಷದಿಂದ ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ. ಚಂದಾ ಮಾತ್ರ ತಪ್ಪದೆ ಕಟ್ಟುತ್ತಾರೆ. ಹಿಂದೆ ಒಂದು ಯುಗಾದಿಗೆ ಮಗನನ್ನು ಕರೆದುಕೊಂಡು ಬಂದಿದ್ದಾಗ ಅವನು ಕೂಗಿದನಂತೆ, ಮುಂದಿನ ಸಾಲಿನವರು ತಿರುಗಿ ನೋಡಿದರಂತೆ. ಯಾರು ಎಂದು ಕೇಳಬೇಡಿ, ಅವರೂ ಹೇಳಿಲ್ಲ. ನಾನೇ ಇದ್ದರೂ ಇರಬಹುದು.

ಈ ನವೆಂಬರಿನ ರಾಜ್ಯೋತ್ಸವಕ್ಕೆ ಬರುತ್ತೇನೆ ಎಂದಿದ್ದಾರೆ. ಅವನನ್ನು ವೇದಿಕೆಗೆ ಕರೆಯುವುದಿಲ್ಲ, ಸನ್ಮಾನ, ಶಾಲು ಏನೂ ಬೇಡ. ನಾಲ್ಕು ಮಾತು ಸಮಿತಿಯವರ ಜೊತೆ ಆಡಿದ್ದೇನೆ, ಒಪ್ಪಿದ್ದಾರೆ. ಬಾಗಿಲ ಪಕ್ಕದ ಎರಡು ಕುರ್ಚಿ ಅವರಿಗೆ. ಆ ಕಡೆಯ ಸ್ಪೀಕರ್ ಬಂದ್. ಮೈಕನ್ನು ಜನ ಬರುವ ಮೊದಲೇ ಪರೀಕ್ಷೆ ಮಾಡಿ ಮುಗಿಸುವುದು. ಅವನಿಗೆ ಬೇಕಾದಾಗ ಎದ್ದು ಹೊರಗೆ ಹೋಗಿ ಬರಲು ಬಾಗಿಲು ತೆರೆದಿರಬೇಕು. ನಿಮ್ಮ ಕಡೆಯಿಂದ ಒಂದೇ ಕೆಲಸ: ಅವನು ಕೂಗಿದರೆ ತಿರುಗಿ ನೋಡಬೇಡಿ.

ಬಳೆ ತೆಗೆದಿಟ್ಟು ಬರಬೇಕೇ ಎಂದು ಆಗಲೇ ಯಾರೋ ಪಿಸುಗುಟ್ಟಿದರು. ಬೇಡ, ಹಾಕಿಕೊಂಡೇ ಬನ್ನಿ. ಅವನ ತಾಯಿಯನ್ನು ಕೇಳಿಕೊಂಡು, ಅವನು ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸುವುದು ಎಂದು ಮಾತಾಡಿಕೊಂಡು, ಹೋದ ತಿಂಗಳಿನಿಂದ ನಾನೂ ಒಂದೊಂದೇ ಹಾಕಿಕೊಂಡು ಹೋಗುತ್ತಿದ್ದೇನೆ, ಅದೇ ಹಸಿರು ಬಳೆ. ಒಂದು ಬಳೆ ಸದ್ದು ಮಾಡುವುದಿಲ್ಲ, ಎರಡನೆಯದರಿಂದ ಶುರು. ಮೊನ್ನೆ ಶನಿವಾರಕ್ಕೆ ಮೂರಾಗಿದೆ.